ಹೃದಯ ಕೊಟ್ಟ ಎಚ್ಚರಿಕೆ ಮತ್ತು 30 ದಿನಗಳ ನಿಯಮ



ನಾನು ವೈದ್ಯನಲ್ಲ, ಪಂಡಿತನೂ ಅಲ್ಲ. ಪಿಯುಸಿ ಮುಗಿಸಿ ಅಂಗಡಿಯ ಗಾದಿಗೆ ಕೂತವನು. ನಲವತ್ತು ವರ್ಷಗಳಿಂದ ಹುಬ್ಬಳ್ಳಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಿದ್ದೇನೆ. ಬಿಡುವಾದಾಗ ಬಸದಿಯ ಕೆಲಸ, ಚಾತುರ್ಮಾಸದ ವ್ಯವಸ್ಥೆ, ಮುನಿಗಳ ವಿಹಾರದ ಸೇವೆ ಮಾಡುತ್ತೇನೆ. ವಯಸ್ಸು 63. ಹಿಂದಿನ ವರ್ಷ ನನಗಾದ ಒಂದು ಅನುಭವವನ್ನು, ಅದರಿಂದ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡ ವಿಷಯವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ನನ್ನದೇ ಒಂದು ತಪ್ಪು ಇದೆ. ಅದೇ ತಪ್ಪು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ನಡೆಯುತ್ತಿದೆ ಎಂದು ಆಮೇಲೆ ಗೊತ್ತಾಯಿತು. ಅದಕ್ಕಾಗಿಯೇ ಈ ಲೇಖನ.

ವಿಹಾರದ ದಿನ ಬೆಳಿಗ್ಗೆ

ಚಾತುರ್ಮಾಸ ಮುಗಿದು ಮುನಿ ಮಹಾರಾಜರ ವಿಹಾರ ಹುಬ್ಬಳ್ಳಿಯಿಂದ ವರೂರಿನ ನವಗ್ರಹ ತೀರ್ಥದ ಕಡೆಗೆ ಹೊರಟಿತ್ತು. ನವೆಂಬರ್ ತಿಂಗಳ ಥಂಡಿ. ಸೂರ್ಯೋದಯವಾದ ಮೇಲೆ ಮಹಾರಾಜರು ಬರಿಗಾಲಲ್ಲಿ ಹೆಜ್ಜೆ ಹಾಕಿದರು. ಅವರಿಗೆ ನನಗಿಂತ ಹತ್ತು ವರ್ಷ ಹೆಚ್ಚು ವಯಸ್ಸು. ದಿನಕ್ಕೆ ಒಂದೇ ಆಹಾರ. ನಾನು ಬೂಟು ಹಾಕಿಕೊಂಡು, ಬೆಳಗಿನ ಚಹಾ, ಶಿರಾ, ಉಪ್ಪಿಟ್ಟು ಎಲ್ಲ ಮುಗಿಸಿ ಹಿಂದೆ ಹೊರಟಿದ್ದೆ.

ಎರಡು ಕಿಲೋಮೀಟರ್ ಆಗಿರಬೇಕು. ಎದೆಯ ನಡುವೆ ಯಾರೋ ಜೋಳದ ಚೀಲ ಇಟ್ಟಂತೆ ಭಾರವಾಯಿತು. ಆ ಥಂಡಿಯಲ್ಲೂ ಹಣೆ, ಕುತ್ತಿಗೆ ಬೆವರಿತು. ಎಡಗೈ ಒಳಗಿನಿಂದ ಸೆಳೆಯುತ್ತಿತ್ತು. ಯುವಕ ಮಂಡಳದ ಹುಡುಗನೊಬ್ಬ ನೋಡಿ, "ಕಾಕಾ, ಯಾಕ ಹಿಂದ ಉಳದ್ರಿ? ಗಾಡಿಯೊಳಗ ಕೂಡ್ರಿ" ಎಂದ. "ಏನಿಲ್ಲಪಾ, ಗ್ಯಾಸ್ ಆಗೇತಿ" ಎಂದೆ. ಗಾಡಿಯಲ್ಲಿ ಕೂತ ಹತ್ತು ನಿಮಿಷಕ್ಕೆ ಭಾರ ಇಳಿಯಿತು. ಓಮಿನಕಾಳು ಅಗಿದು, ಬಿಸಿನೀರು ಕುಡಿದು, ಯಾರಿಗೂ ಹೇಳದೆ ಮನೆಗೆ ಬಂದೆ.

ಆ ರಾತ್ರಿ ಮಲಗಿದಾಗ ಅದೇ ಭಾರ ಮತ್ತೆ ಬಂತು. ಈ ಸಲ ನಡೆದಿರಲಿಲ್ಲ, ಸುಮ್ಮನೆ ಮಲಗಿದ್ದೆ. ಮನೆಯವಳು ದೀಪ ಹಾಕಿ ನನ್ನ ಮುಖ ನೋಡಿದವಳೇ ಮಗನನ್ನು ಎಬ್ಬಿಸಿದಳು. ಆಸ್ಪತ್ರೆಗೆ ಹೋದೆವು. ಇಸಿಜಿ ಮಾಡಿದರು, ರಕ್ತ ತೆಗೆದುಕೊಂಡರು. ಪುಣ್ಯಕ್ಕೆ ಹೃದಯಾಘಾತ ಆಗಿರಲಿಲ್ಲ. ಆದರೆ ಆಗುವ ಹಾದಿಯಲ್ಲಿತ್ತು. ಮರುದಿನ ಆಂಜಿಯೋಗ್ರಾಂ ಮಾಡಿದಾಗ ಎರಡು ರಕ್ತನಾಳಗಳಲ್ಲಿ ಅಡಚಣೆ ಕಂಡಿತು. ಹೆಚ್ಚಿದ್ದ ಒಂದಕ್ಕೆ ಸ್ಟೆಂಟ್ ಹಾಕಿದರು, ಇನ್ನೊಂದಕ್ಕೆ ಔಷಧ ಸಾಕು ಎಂದರು. ಬಿಪಿ 168/102 ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 7.9 ಇತ್ತು. ಸಕ್ಕರೆ ಕಾಯಿಲೆ ಇದೆ ಎಂಬುದೇ ನನಗೆ ಅಂದು ಗೊತ್ತಾದದ್ದು.

ನನ್ನ ತಪ್ಪು

ಬಿಪಿ ಇರುವುದು ಮಾತ್ರ ಮೂರು ವರ್ಷ ಮೊದಲೇ ಗೊತ್ತಿತ್ತು. ಬೆಳಿಗ್ಗೆ ಒಂದು ಮಾತ್ರೆ, ರಾತ್ರಿ ಎರಡು ಮಾತ್ರೆ ಬರೆದುಕೊಟ್ಟಿದ್ದರು. ರಾತ್ರಿಯದರಲ್ಲಿ ಒಂದು ಬಿಪಿಗೆ, ಒಂದು ಕೊಲೆಸ್ಟ್ರಾಲ್‌ಗೆ. ನನಗೆ ರಾತ್ರಿಭೋಜನ ತ್ಯಾಗದ ನಿಯಮ ಇದೆ. ಸೂರ್ಯಾಸ್ತವಾದ ಮೇಲೆ ನೀರೂ ಕುಡಿಯುವುದಿಲ್ಲ. ಚೀಟಿಯ ಮೇಲೆ "ರಾತ್ರಿ ಊಟದ ನಂತರ" ಎಂದು ಇತ್ತು. ನನಗೆ ರಾತ್ರಿ ಊಟವೇ ಇಲ್ಲ. ಹಾಗಾಗಿ ಆ ಎರಡು ಮಾತ್ರೆ ನುಂಗಲೇ ಇಲ್ಲ. ಮನೆಯಲ್ಲಿ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಅವರು "ಮಾತ್ರೆ ತಗೋತೀರಿಲ್ಲ?" ಎಂದರೆ "ಹೂಂನ್ರೀ" ಎನ್ನುತ್ತಿದ್ದೆ.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯವಳು ಔಷಧದ ಡಬ್ಬಿ ತಂದು ಮುಂದೆ ಸುರಿದಳು. "ಎಷ್ಟು ಉಳದಾವ ನೀವ ಎಣಿಸ್ರಿ. ನುಂಗಿದ್ರ ಇಷ್ಟ್ಯಾಕ ಉಳೀತಿದ್ವು?" ಎಂದಳು. ಅಂಗಡಿಯಲ್ಲಿ ಒಂದು ಚೀಲ ಸ್ಟಾಕು ತಪ್ಪಿದರೆ ರಾತ್ರಿ ನಿದ್ದೆ ಮಾಡದವನು ನಾನು. ಆ ದಿನ ಉತ್ತರ ಇರಲಿಲ್ಲ.

ಡಾಕ್ಟರಿಗೆ ನಿಜ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ. "ಇದನ್ನ ಮೊದಲ ಹೇಳಿದ್ರ ಸಂಜಿ ಐದಕ್ಕ ಅಂತ ಬರದು ಕೊಡ್ತಿದ್ದೆ, ಮುಗೀತು" ಎಂದರು. ಅಷ್ಟೇ ಸರಳ ಇತ್ತು.

ಅವರು ವಿವರಿಸಿದ್ದು ಹೀಗೆ. ಈಗ ಹೆಚ್ಚಾಗಿ ಕೊಡುವ ಕೊಲೆಸ್ಟ್ರಾಲ್ ಮಾತ್ರೆಗಳು, ಅಂದರೆ ಅಟೋರ್ವಾಸ್ಟಾಟಿನ್ ಮತ್ತು ರೋಸುವಾಸ್ಟಾಟಿನ್, ದೇಹದಲ್ಲಿ ಬಹಳ ಹೊತ್ತು ಕೆಲಸ ಮಾಡುತ್ತವೆ. ಅವನ್ನು ದಿನದ ಯಾವ ಹೊತ್ತಿಗಾದರೂ ತೆಗೆದುಕೊಳ್ಳಬಹುದು. ದಿನಕ್ಕೊಮ್ಮೆ ನುಂಗುವ ಬಿಪಿ ಮಾತ್ರೆಯೂ ಹೆಚ್ಚುಕಡಿಮೆ ಹಾಗೆಯೇ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ 'ಟೈಮ್' ಎಂಬ ಅಧ್ಯಯನದಲ್ಲಿ ಬಿಪಿ ಮಾತ್ರೆ ಬೆಳಿಗ್ಗೆ ತೆಗೆದುಕೊಂಡವರಿಗೂ ಸಂಜೆ ತೆಗೆದುಕೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮುಖ್ಯವಾದದ್ದು ತಪ್ಪದೆ ನುಂಗುವುದು. ದಿನಕ್ಕೆರಡು ಸಲ ಬೇಕಾಗುವ ಮಾತ್ರೆಯನ್ನೂ ಸೂರ್ಯೋದಯದ ನಂತರ ಒಮ್ಮೆ, ಸೂರ್ಯಾಸ್ತಕ್ಕೆ ಮೊದಲು ಒಮ್ಮೆ ಎಂದು ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಬಹುದು. ಎಲ್ಲ ಮಾತ್ರೆಗೂ ಇದು ನಡೆಯುವುದಿಲ್ಲ. ನಾವೇ ಹೊತ್ತು ಬದಲಿಸಬಾರದು, ಕೇಳಿ ಬದಲಿಸಿಕೊಳ್ಳಬೇಕು.

ಆದ್ದರಿಂದ ಮೊದಲ ಮಾತು ಇದು: ವೈದ್ಯರ ಬಳಿ ಹೋದಾಗ ನಿಮ್ಮ ನಿಯಮ ಏನು ಎಂದು ಬಾಯಿಬಿಟ್ಟು ಹೇಳಿ. ರಾತ್ರಿ ಏನೂ ಸೇವಿಸುವುದಿಲ್ಲ ಎಂದು ಹೇಳಿ. ಜಿಲೆಟಿನ್ ಇರುವ ಕ್ಯಾಪ್ಸೂಲ್ ಬೇಡ ಎಂದಿದ್ದರೆ ಅದನ್ನೂ ಹೇಳಿ. ಅನೇಕ ಔಷಧಗಳಿಗೆ ಮಾತ್ರೆಯ ರೂಪ ಅಥವಾ ಸಸ್ಯಮೂಲದ ಕ್ಯಾಪ್ಸೂಲ್ ಸಿಗುತ್ತದೆ. ಸುಮ್ಮನೆ ಬಿಡುವುದು ನಿಯಮವಲ್ಲ, ಅದು ಸಂಕೋಚ.

"ನಮಗೇನಾಗುತ್ತೆ?" ಎಂಬ ನಂಬಿಕೆ

ನಾವು ಮಾಂಸ ತಿನ್ನುವುದಿಲ್ಲ, ಕುಡಿಯುವುದಿಲ್ಲ, ಸೇದುವುದಿಲ್ಲ, ರಾತ್ರಿ ಉಣ್ಣುವುದಿಲ್ಲ. ನಮಗೆ ಹೃದಯದ ಕಾಯಿಲೆ ಎಲ್ಲಿಂದ ಬರಬೇಕು? ನಾನೂ ಹಾಗೇ ತಿಳಿದಿದ್ದೆ. ಈ ನಾಲ್ಕೂ ಒಳ್ಳೆಯ ಅಭ್ಯಾಸಗಳೇ, ಸಂಶಯವಿಲ್ಲ. ಆದರೆ ಅವು ಲೆಕ್ಕದ ಅರ್ಧ ಮಾತ್ರ.

ಇನ್ನರ್ಧ ಏನು? ನನ್ನ ದಿನಚರಿ ಹೇಳುತ್ತೇನೆ. ಬೆಳಿಗ್ಗೆ ಬಸದಿಗೆ ಸ್ಕೂಟರ್. ಅಂಗಡಿಗೆ ಸ್ಕೂಟರ್. ಗಾದಿಯ ಮೇಲೆ ಎಂಟೊಂಬತ್ತು ತಾಸು. ಬಂದ ಗಿರಾಕಿಗೊಂದು ಚಹಾ, ಅವರ ಜೊತೆ ನನಗೂ ಒಂದು. ನಾಲ್ಕು ಗಂಟೆಗೆ ಚುರಮುರಿ, ಮಿರ್ಚಿ ಭಜಿ. ಸೂರ್ಯ ಮುಳುಗುತ್ತಾನೆಂದು ಐದೂವರೆಗೆ ಗಡಿಬಿಡಿಯಲ್ಲಿ ಹೊಟ್ಟೆ ತುಂಬ ಊಟ. 'ಮುಂದೆ ನಾಳೆಯ ತನಕ ಏನೂ ಇಲ್ಲ' ಎಂದು ಎರಡು ತುತ್ತು ಹೆಚ್ಚೇ. ಮತ್ತೆ ಗಾದಿ, ಆಮೇಲೆ ಮನೆ, ಟಿವಿ, ನಿದ್ದೆ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಬಟಾಟಿ ಬಿಟ್ಟೆವು, ಸರಿ. ಅವುಗಳ ಜಾಗಕ್ಕೆ ಎಣ್ಣೆ, ತುಪ್ಪ, ಗೋಡಂಬಿ, ಮೈದಾ, ಸಕ್ಕರೆ ಬಂದು ಕೂತವು.

ಐಸಿಎಂಆರ್ ನಡೆಸಿದ ದೇಶವ್ಯಾಪಿ ಅಧ್ಯಯನದ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಸುಮಾರು 31.5 ಕೋಟಿ ಜನರಿಗೆ ಅಧಿಕ ರಕ್ತದೊತ್ತಡ ಇದೆ. ಇದರಲ್ಲಿ ಸಸ್ಯಾಹಾರಿಗಳನ್ನು ಕಾಯಿಲೆ ಬಿಟ್ಟುಬಿಟ್ಟಿಲ್ಲ.

ಮನೆಯ ಕಿರಾಣಿ ಚೀಟಿ ಲೆಕ್ಕ ಹಾಕಿ ನೋಡಿ

ವ್ಯಾಪಾರಿಗೆ ಉಪದೇಶಕ್ಕಿಂತ ಲೆಕ್ಕ ಬೇಗ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಸೇರಿ ಆರು ಜನ. ಹಳೆಯ ತಿಂಗಳ ಕಿರಾಣಿ ಚೀಟಿ ತೆಗೆದು ನೋಡಿದೆ.

ಎಣ್ಣೆ 9 ಕಿಲೋ. ಆರು ಜನರಿಗೆ ಹಂಚಿದರೆ ತಲೆಗೆ ದಿನಕ್ಕೆ 50 ಗ್ರಾಂ. ಇದರಲ್ಲಿ ತುಪ್ಪ ಸೇರಿಲ್ಲ. ನನ್ನಂತೆ ಕೂತು ಕೆಲಸ ಮಾಡುವವನಿಗೆ ಇದರ ಅರ್ಧ ಸಾಕು ಎಂದರು ಆಹಾರ ತಜ್ಞೆ.

ಉಪ್ಪು 3 ಕಿಲೋ. ತಲೆಗೆ ದಿನಕ್ಕೆ 16 ಗ್ರಾಂಗೂ ಮೇಲೆ. ಒಂದಿಷ್ಟು ಉಪ್ಪಿನಕಾಯಿಗೆ, ಒಂದಿಷ್ಟು ಕಾಯಿಪಲ್ಯ ತೊಳೆಯಲು ಹೋಯಿತೆಂದರೂ ಬಹಳವೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಚಹಾ ಚಮಚ. ಹಪ್ಪಳ, ಸಂಡಿಗೆ, ಫರಸಾಣದಲ್ಲಿ ಬರುವ ಉಪ್ಪು ಬೇರೆ.

ಸಕ್ಕರೆ ಬೆಲ್ಲ ಸೇರಿ 7 ಕಿಲೋ. ತಲೆಗೆ ದಿನಕ್ಕೆ ಸುಮಾರು 39 ಗ್ರಾಂ. ಹೊರಗಿನ ಪೇಡೆ, ಜಿಲೇಬಿ, ಬಿಸ್ಕತ್ತು ಇದರಲ್ಲಿಲ್ಲ. 25 ಗ್ರಾಂ ಒಳಗಿದ್ದರೆ ಒಳ್ಳೆಯದು.

ಈ ಲೆಕ್ಕ ನೋಡಿ ಸೊಸೆ, "ಮಾವಾರ, ಆಸ್ಪತ್ರಿ ಬಿಲ್ಲಿನ ಮೊದಲನೇ ಪುಟ ಇದ ಅದ ನೋಡ್ರಿ" ಎಂದಳು. ಈಗ ಎಣ್ಣೆ 5 ಕಿಲೋಗೆ ಬಂದಿದೆ. ಉಪ್ಪು ಒಂದೂವರೆ ಕಿಲೋಗೆ ಬಂದಿದೆ, ಇನ್ನೂ ಇಳಿಯಬೇಕು. ನೀವೂ ಒಂದು ಸಲ ಚೀಟಿ ತೆಗೆದು, ಮನೆಯ ತಲೆ ಲೆಕ್ಕಕ್ಕೆ ಭಾಗಿಸಿ, ಮೂವತ್ತರಿಂದ ಭಾಗಿಸಿ ನೋಡಿ.

ಯಮ ಮತ್ತು ನಿಯಮ

ಆಸ್ಪತ್ರೆಯಿಂದ ಬಂದವರೆಲ್ಲ 'ನಾಳೆಯಿಂದ ಎಲ್ಲ ಬಿಟ್ಟೆ, ದಿನಾ ಐದು ಕಿಲೋಮೀಟರ್ ನಡೀತೀನಿ' ಎನ್ನುತ್ತಾರೆ. ಹದಿನೈದು ದಿನ ನಡೆಯುತ್ತದೆ. ಆಮೇಲೆ ಮದುವೆ, ಹಬ್ಬ, ಮಳೆ. ನಿಲ್ಲುತ್ತದೆ. ನನಗೂ ಆ ಭಯ ಇತ್ತು.

ಆಗ ನೆನಪಾದದ್ದು ಸ್ವಾಧ್ಯಾಯದಲ್ಲಿ ಕೇಳಿದ ಮಾತು. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತ ಹೇಳುವಾಗ ತ್ಯಾಗದಲ್ಲಿ ಎರಡು ಬಗೆ ಎಂದಿದೆ. ಕಾಲದ ಮಿತಿ ಹಾಕಿಕೊಂಡು ಮಾಡುವುದು ನಿಯಮ. ಜೀವನ ಪೂರ್ತಿ ಮಾಡುವುದು ಯಮ. ನಮ್ಮ ಹಿರಿಯರು ಮನುಷ್ಯನ ಮನಸ್ಸನ್ನು ಎಷ್ಟು ಬಲ್ಲವರು ನೋಡಿ. ಒಂದೇ ಸಲ ಯಮಕ್ಕೆ ಕೈ ಹಾಕು ಎನ್ನಲಿಲ್ಲ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಎಂದು ಸಣ್ಣದರಿಂದ ಆರಂಭಿಸಲು ದಾರಿ ಇಟ್ಟರು.

ನಾನು ಹಾಗೆಯೇ ಮಾಡಿದೆ. ಡಾಕ್ಟರು ಒಪ್ಪಿದ ಮೇಲೆ ಬಸದಿಯಲ್ಲಿ ಸ್ವಾಮಿಯ ಮುಂದೆ ನಿಂತು 30 ದಿನಗಳ ನಿಯಮ ತೆಗೆದುಕೊಂಡೆ. ಮೂರೇ ಮಾತು: ಮಾತ್ರೆ ತಪ್ಪಿಸುವುದಿಲ್ಲ, ಹೇಳಿದಷ್ಟು ನಿಮಿಷ ನಡೆಯುತ್ತೇನೆ, ಕರಿದದ್ದು ತಿನ್ನುವುದಿಲ್ಲ. ಮುಗಿದ ಮೇಲೆ ಮತ್ತೆ 30 ದಿನ. ಪ್ರತಿ ಸಲ ಒಂದೊಂದೇ ಸೇರಿಸಿದೆ.

ಮೊದಲ ತಿಂಗಳು: ಸಮತಟ್ಟು ರಸ್ತೆಯಲ್ಲಿ ದಿನಕ್ಕೆ 5 ನಿಮಿಷದಿಂದ ಆರಂಭಿಸಿ 15 ನಿಮಿಷದ ವರೆಗೆ. ನಡೆಯುತ್ತ ಮಾತಾಡಲು ಆಗಬೇಕು. ಮಾತಿನ ನಡುವೆ ಉಸಿರು ಕಟ್ಟಿದರೆ ವೇಗ ಹೆಚ್ಚಾಯಿತು ಎಂದರ್ಥ.

ಎರಡನೆಯ ತಿಂಗಳು: 25 ನಿಮಿಷ. ಸಂಜೆ ಊಟವಾದ ಮೇಲೆ ಗಾದಿಗೆ ಕೂಡುವ ಮೊದಲು ಮಾರ್ಕೆಟ್ಟಿನಲ್ಲಿ 10 ನಿಮಿಷ ಅಡ್ಡಾಡುವುದು. ಊಟದ ನಂತರದ ಸಣ್ಣ ನಡಿಗೆ ರಕ್ತದಲ್ಲಿ ಸಕ್ಕರೆ ಏರುವುದನ್ನು ತಗ್ಗಿಸುತ್ತದೆ.

ಮೂರನೆಯ ತಿಂಗಳು: ವಾರಕ್ಕೆ ಎರಡು ದಿನ ಖುರ್ಚಿಯಿಂದ ಕೈ ಊರದೆ ಎದ್ದು ಕೂಡುವುದು 10 ಸಲ, ಗೋಡೆಗೆ ಕೈ ಒತ್ತಿ ಹಿಂದೆ ಮುಂದೆ ಆಗುವುದು 10 ಸಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ನೆಲದ ಮೇಲೆ ಕೂತು ಪೂಜೆ ಮಾಡಿ ಏಳಲು ಬೇಕಾಗುವುದು ಆ ಶಕ್ತಿಯೇ.

ಆರನೆಯ ತಿಂಗಳಿಗೆ: ಬೆಳಿಗ್ಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಸಾಮಾಯಿಕಕ್ಕೆ ಒಂದು ಮುಹೂರ್ತ, ದೇಹಕ್ಕೆ ಒಂದು ಮುಹೂರ್ತ ಎಂದು ಇಟ್ಟುಕೊಂಡೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ನಾನು ಸೂರ್ಯೋದಯವಾದ ಮೇಲೆಯೇ ಹೊರಡುತ್ತೇನೆ. ಕತ್ತಲಲ್ಲಿ ನಡೆದರೆ ಕಾಲಡಿ ಜೀವ ಕಾಣುವುದಿಲ್ಲ. ಚಳಿಗಾಲದ ನಸುಕಿನ ಥಂಡಿ ಹೃದಯಕ್ಕೂ ಒಳ್ಳೆಯದಲ್ಲ. ಬಹಳ ವರ್ಷ ನಡೆಯದೆ ಇದ್ದವರು, ನಲವತ್ತು ದಾಟಿದವರು ಆರಂಭಿಸುವ ಮೊದಲು ಒಮ್ಮೆ ತಪಾಸಣೆ ಮಾಡಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಬಸದಿಯ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಹೋಗಿ ಬಂದರೆ ಅಂಗಾಲು ನೋಡಿಕೊಳ್ಳಿ. ಕಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಗುಳ್ಳೆ ಎದ್ದದ್ದೂ ತಿಳಿಯುವುದಿಲ್ಲ.

ಊಟದಲ್ಲೂ ಹೊಸ ಪಥ್ಯ ಹುಡುಕಬೇಕಾಗಲಿಲ್ಲ. ಆರು ಬಾಹ್ಯ ತಪಸ್ಸುಗಳಲ್ಲಿ ಅವಮೌದರ್ಯ ಎಂದರೆ ಹಸಿವೆಗಿಂತ ಕಡಿಮೆ ಉಣ್ಣುವುದು. ರಸಪರಿತ್ಯಾಗ ಎಂದರೆ ತುಪ್ಪ, ಎಣ್ಣೆ, ಸಕ್ಕರೆ, ಉಪ್ಪು ಮುಂತಾದ ರಸಗಳನ್ನು ಬಿಡುವುದು. ವಾರಕ್ಕೊಂದು ದಿನ ಉಪ್ಪು ಬಿಡುವ ಅಜ್ಜಿಯರನ್ನು ನಾವೆಲ್ಲ ನೋಡಿದ್ದೇವೆ. ಅವರು ಮಾಡುತ್ತಿದ್ದದ್ದು ಆತ್ಮಶುದ್ಧಿಗೆ, ನಿಜ. ಅದರಿಂದ ದೇಹಕ್ಕೂ ಒಳಿತಾದರೆ ಬೇಡ ಎನ್ನುವುದೇಕೆ? ಈಗ ನಮ್ಮ ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಬೇಳೆ ಇಲ್ಲವೆ ಕಾಳು, ಎರಡು ಬಗೆ ಕಾಯಿಪಲ್ಯ, ಸೌತೆಕಾಯಿ, ಮಜ್ಜಿಗೆ. ಅನ್ನ ಸ್ವಲ್ಪ. ಸಸ್ಯಾಹಾರಿಗಳಲ್ಲಿ ಬಿ12 ಜೀವಸತ್ವದ ಕೊರತೆ ಸಾಮಾನ್ಯ. ಕೈಕಾಲು ಜೋಮು, ಸುಸ್ತು ಇದ್ದರೆ ಅದನ್ನೂ ಪರೀಕ್ಷೆ ಮಾಡಿಸಿ.

ಪರ್ವದ ಉಪವಾಸ ಬಂದಾಗ

ಇದು ನನಗೆ ಬಹಳ ಕಷ್ಟವಾದ ಭಾಗ. ಹದಿನೆಂಟು ವರ್ಷಗಳಿಂದ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವನು. ಸ್ಟೆಂಟ್ ಹಾಕಿದ ಹತ್ತು ತಿಂಗಳಿಗೆ ಪರ್ವ ಬಂತು. ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ತಾವಾಗಿ ಒಂದು ದಿನವೂ ಬಿಡಬಾರದು. ಬಿಟ್ಟರೆ ಸ್ಟೆಂಟ್ ಒಳಗೆ ರಕ್ತ ಗಡ್ಡೆ ಕಟ್ಟಿ ಪ್ರಾಣಕ್ಕೆ ಅಪಾಯ.

ಸಕ್ಕರೆ ಕಾಯಿಲೆಯವರಿಗೆ ಬೇರೆ ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಒಮ್ಮೆಲೆ ಕುಸಿಯಬಹುದು. ನಡುಕ, ಬೆವರು, ಕಣ್ಣುಕತ್ತಲೆ, ಗೊಂದಲ ಅದರ ಲಕ್ಷಣ. ಪರೀಕ್ಷೆಯಲ್ಲಿ 70ಕ್ಕಿಂತ ಕೆಳಗೆ ಬಂದರೆ ಕೂಡಲೇ ಸಕ್ಕರೆ ಕೊಡಬೇಕು. ಡಾಪಾಗ್ಲಿಫ್ಲೋಜಿನ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ನೀರೂ ಇಲ್ಲದ ಉಪವಾಸದಲ್ಲಿ ಬೇರೆ ಬಗೆಯ ಅಪಾಯ ಇದೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯವರಿಗೂ ನಿರ್ಜಲ ಉಪವಾಸ ಕಷ್ಟ. ಆದ್ದರಿಂದ ಪರ್ವಕ್ಕೆ ಒಂದು ತಿಂಗಳು ಮೊದಲೇ ವೈದ್ಯರನ್ನು ಕಾಣಬೇಕು, ಹಿಂದಿನ ದಿನ ಅಲ್ಲ.

ನಾನು ಮಹಾರಾಜರ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಷೋಡಶಕಾರಣ ಭಾವನೆಗಳನ್ನು ನೆನಪಿಸಿದರು. ಅದರಲ್ಲಿ ತ್ಯಾಗ, ತಪಸ್ಸು ಎರಡಕ್ಕೂ 'ಶಕ್ತಿತಃ' ಎಂಬ ಮಾತು ಸೇರಿದೆ. ಶಕ್ತಿಯನ್ನು ಮುಚ್ಚಿಡಬಾರದು, ಶಕ್ತಿ ಮೀರಲೂಬಾರದು. ಹತ್ತು ದಿನ ನಾನು ಔಷಧದ ವಿನಾಯಿತಿ ಇಟ್ಟುಕೊಂಡು, ಡಾಕ್ಟರು ಮಾತ್ರೆಯ ಪ್ರಮಾಣ ಹೊಂದಿಸಿಕೊಟ್ಟಂತೆ, ಹಗಲಿನಲ್ಲಿ ಎರಡು ಹೊತ್ತು ಸಾತ್ವಿಕ ಊಟ, ಸಿಹಿ ಮತ್ತು ಕರಿದದ್ದರ ತ್ಯಾಗ, ಒಂದು ತಾಸು ಹೆಚ್ಚು ಸ್ವಾಧ್ಯಾಯ ಮಾಡಿದೆ. ಉಪವಾಸ ಮಾಡಿದವರ ಹೆಸರು ಓದುವಾಗ ನನ್ನ ಹೆಸರು ಇರಲಿಲ್ಲ. ಮನಸ್ಸಿಗೆ ಚುಚ್ಚಿತು. ಆ ಚುಚ್ಚಿದ್ದು ಏನು ಎಂದು ಯೋಚಿಸಿದಾಗ, ಅದು ಮಾನ ಕಷಾಯ ಎಂದು ತಿಳಿಯಿತು. ಅದನ್ನು ಗೆಲ್ಲುವುದೇ ಆ ವರ್ಷದ ನನ್ನ ತಪಸ್ಸು ಎಂದುಕೊಂಡೆ.

ರಾತ್ರಿಭೋಜನ ತ್ಯಾಗ ಇರುವವರು, ಚೌವಿಹಾರ ಪಾಲಿಸುವ ಶ್ವೇತಾಂಬರ ಬಂಧುಗಳು, ಎಲ್ಲರಿಗೂ ಒಂದು ವಿನಂತಿ. ನಿಯಮ ತೆಗೆದುಕೊಳ್ಳುವಾಗಲೇ ಪ್ರಾಣಾಪಾಯದ ಹೊತ್ತಿನ ಔಷಧಕ್ಕೆ ವಿನಾಯಿತಿ ಇಟ್ಟುಕೊಳ್ಳುವ ಬಗ್ಗೆ ಗುರುಗಳನ್ನು ಕೇಳಿ. ಎದೆನೋವು ಬಂದ ರಾತ್ರಿ ಹನ್ನೆರಡಕ್ಕೆ ಮನೆಯವರು 'ನಾಲಿಗೆ ಕೆಳಗೆ ಮಾತ್ರೆ ಇಡಬಹುದೋ ಬಾರದೋ' ಎಂದು ಚರ್ಚಿಸುವಂತಾಗಬಾರದು.

'ದೇಹ ಬೇರೆ, ಆತ್ಮ ಬೇರೆ, ದೇಹದ ಚಿಂತೆ ಜೈನನಿಗೇಕೆ?' ಎಂದು ಕೆಲವರು ಕೇಳುತ್ತಾರೆ. ಬಾಡಿಗೆ ಅಂಗಡಿಯೇ ಆದರೂ ಮಾಡು ಸೋರಿದರೆ ನಾವು ಹಾಗೇ ಬಿಡುವುದಿಲ್ಲ, ಒಳಗಿನ ಮಾಲು ಕೆಡುತ್ತದೆ. ಪೂಜೆ, ಸ್ವಾಧ್ಯಾಯ, ಸೇವೆ ಎಲ್ಲ ನಡೆಯುವುದು ಈ ದೇಹದಿಂದಲೇ.

ಎಲ್ಲರೂ ತಿಳಿದಿರಬೇಕಾದ ಲಕ್ಷಣಗಳು

ಎದೆಯ ನಡುವೆ ಭಾರ, ಹಿಂಡಿದಂತೆ ಆಗುವುದು. ನೋವು ಎಡಗೈ, ಭುಜ, ಬೆನ್ನು, ದವಡೆಗೆ ಹರಡುವುದು. ತಣ್ಣನೆ ಬೆವರು, ಉಸಿರಾಟದ ತೊಂದರೆ, ವಾಕರಿಕೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಇಲ್ಲದೆ ಬರೀ ಸುಸ್ತು, ಉಬ್ಬಸ, ಹೊಟ್ಟೆ ತೊಳಸುವಿಕೆ ಇರಬಹುದು. ನಡೆದಾಗ ಬಂದು ಕೂತಾಗ ಹೋಗುವ ಭಾರ 'ಗ್ಯಾಸ್' ಎಂದು ನೀವೇ ತೀರ್ಪು ಕೊಡಬೇಡಿ. ಅದು ಹೃದಯದ ಮೊದಲ ಎಚ್ಚರಿಕೆ ಇರಬಹುದು. ಸುಮ್ಮನೆ ಕೂತಾಗಲೂ ಬಂದು ಕೆಲವು ನಿಮಿಷಕ್ಕೆ ಕಡಿಮೆಯಾಗದಿದ್ದರೆ 108ಕ್ಕೆ ಕರೆ ಮಾಡಿ. ತಾವೇ ಗಾಡಿ ಓಡಿಸಿಕೊಂಡು ಹೋಗಬೇಡಿ, ಮೆಟ್ಟಿಲು ಹತ್ತಬೇಡಿ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೇ ವಯಸ್ಸಿನಲ್ಲಿ ತೀರಿಕೊಂಡಾಗ ಇಡೀ ನಾಡು ಬೆಚ್ಚಿತ್ತು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಈಗ ರಾಜ್ಯದಲ್ಲಿದೆ. ಇದರಡಿ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ತಜ್ಞರ ಸಲಹೆ ಪಡೆದು, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಇಂದೇ ಕೇಳಿ ಇಟ್ಟುಕೊಳ್ಳಿ. ಹೃದಯಾಘಾತದಲ್ಲಿ ಮೊದಲ ತಾಸು ಬಹಳ ಮುಖ್ಯ. ತಡವಾದಷ್ಟೂ ಹೃದಯದ ಸ್ನಾಯು ಸಾಯುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ.

ಲಕ್ಷಣ ಇಲ್ಲದವರೂ ವರ್ಷಕ್ಕೊಮ್ಮೆ ಮಾಡಿಸಬೇಕಾದದ್ದು ಇಷ್ಟು:

- ಬಿಪಿ: 140/90 ಅಥವಾ ಅದಕ್ಕಿಂತ ಮೇಲೆ ಮತ್ತೆ ಮತ್ತೆ ಬಂದರೆ ವೈದ್ಯರನ್ನು ಕಾಣಬೇಕು.
- ಎಚ್‌ಬಿಎ1ಸಿ: 5.7ಕ್ಕಿಂತ ಕಡಿಮೆ ಸರಿ; 5.7ರಿಂದ 6.4 ಎಚ್ಚರಿಕೆ; 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ.
- ಕೊಲೆಸ್ಟ್ರಾಲ್ ಮತ್ತು ಕಿಡ್ನಿಯ ರಕ್ತಪರೀಕ್ಷೆ.
- ಸೊಂಟದ ಸುತ್ತಳತೆ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಹೊಲಿಗೆಯ ಟೇಪು ಸಾಕು, ಖರ್ಚಿಲ್ಲ.

ನನ್ನ ಪರೀಕ್ಷೆಯ ಜೊತೆ ಮನೆಯವಳದ್ದೂ ಮಾಡಿಸಿದೆವು. ಆಕೆ 'ನನಗೇನಾಗೇತಿ' ಎಂದೇ ಬಂದಳು. ಎಚ್‌ಬಿಎ1ಸಿ 6.2 ಬಂತು. ಮನೆಯ ಎಲ್ಲರ ಮಾತ್ರೆಯ ಹೊತ್ತು ನೆನಪಿಡುವ ಹೆಂಗಸರು ತಮ್ಮ ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ. ಗಂಡಸರು ಇದನ್ನು ಗಮನಿಸಬೇಕು.

ಒಂದು ವರ್ಷದ ನಂತರ

ತೂಕ 84 ಕಿಲೋದಿಂದ 75ಕ್ಕೆ ಬಂದಿದೆ. ಬಿಪಿ 128/80 ಆಸುಪಾಸು. ಎಚ್‌ಬಿಎ1ಸಿ 6.6. ಇದು ಮಾತ್ರೆ, ನಡಿಗೆ, ಊಟ ಮೂರೂ ಸೇರಿ ಆದದ್ದು. ಯಾವ ಒಂದನ್ನೂ ಬಿಡುವಂತಿಲ್ಲ. ಹನ್ನೆರಡು ನಿಯಮಗಳಲ್ಲಿ ಎರಡು ಸಲ ತಪ್ಪಿದ್ದೇನೆ. ಒಮ್ಮೆ ಮೊಮ್ಮಗನ ಹುಟ್ಟುಹಬ್ಬಕ್ಕೆ, ಒಮ್ಮೆ ಮಳೆಗಾಲದಲ್ಲಿ ಜ್ವರ ಬಂದು. ಪ್ರತಿಕ್ರಮಣದಲ್ಲಿ ನೆನೆದು, ಮತ್ತೆ ಆರಂಭಿಸಿದೆ. ತಪ್ಪಿದ್ದಕ್ಕೆ ಪೂರ್ತಿ ಬಿಡುವ ರೂಢಿ ನಮ್ಮ ಧರ್ಮದಲ್ಲಿಲ್ಲ.

ನಮ್ಮ ಬಸದಿಯಲ್ಲಿ ಈಗ ಪ್ರತಿ ಭಾನುವಾರ ಅಭಿಷೇಕ ಮುಗಿದ ಮೇಲೆ ಒಂದು ಮೂಲೆಯಲ್ಲಿ ಬಿಪಿ ಯಂತ್ರ ಇಟ್ಟುಕೊಂಡು ಕೂಡುತ್ತೇವೆ. ಸಮಾಜದ ನರ್ಸ್ ಹೆಣ್ಣುಮಗಳೊಬ್ಬಳು ನೋಡುತ್ತಾಳೆ, ನಾನು ವಹಿಯಲ್ಲಿ ಬರೆಯುತ್ತೇನೆ. ಬರೆಯುವಾಗ ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: "ರಾತ್ರಿ ಮಾತ್ರಿ ಏನ್ ಮಾಡ್ತೀರಿ?" ಹಿರಿಯರು ಕೆಲವರು ತಲೆ ಕೆಳಗೆ ಹಾಕಿ ನಗುತ್ತಾರೆ. ಅವರಿಗೆ ನಾನು ಬೈಯುವುದಿಲ್ಲ, ನನ್ನ ಡಬ್ಬಿಯ ಕತೆ ಹೇಳುತ್ತೇನೆ. ನಿಮ್ಮ ಊರಿನ ಬಸದಿಯಲ್ಲೂ ಇದನ್ನು ಆರಂಭಿಸಬಹುದು. ಯಂತ್ರಕ್ಕೆ ದೊಡ್ಡ ಖರ್ಚಿಲ್ಲ, ಒಬ್ಬರು ಕೂಡಬೇಕು ಅಷ್ಟೆ.

ಈ ನವೆಂಬರಿನಲ್ಲಿ ಮತ್ತೆ ವಿಹಾರ ಬಂತು. ಡಾಕ್ಟರನ್ನು ಕೇಳಿದೆ. "ಮೂರು ಕಿಲೋಮೀಟರ್ ನಡೀರಿ, ಆಮ್ಯಾಲೆ ಗಾಡಿ" ಎಂದರು. ಮೂರು ಕಿಲೋಮೀಟರ್ ನಡೆದೆ. ಎದೆ ಹಗುರವಾಗಿತ್ತು, ಇನ್ನೂ ನಡೆಯಬಹುದಿತ್ತು. ಆದರೂ ಹೇಳಿದಂತೆ ಗಾಡಿ ಹತ್ತಿದೆ. ಅದೇ ಯುವಕ ಮಂಡಳದ ಹುಡುಗ ಪಕ್ಕದಲ್ಲಿದ್ದ. "ಯಾಕ ಕಾಕಾ, ಗ್ಯಾಸ್ ಆತೇನ್ರೀ?" ಎಂದು ಕೇಳಿದ. "ಇಲ್ಲಪಾ, ನಿಯಮ ಐತಿ" ಎಂದೆ.

ನಿಮ್ಮ ಮನೆಯ ಔಷಧದ ಡಬ್ಬಿಯನ್ನು ಇವತ್ತೇ ತೆಗೆದು ಎಣಿಸಿ ನೋಡಿ.

ಜೈ ಜಿನೇಂದ್ರ.